ಸಂಜೆಯ ಮಾತ್ರೆ

ಕಗ್ಗದಾಸಪುರ
14 ಜೂನ್ 2006

ವಾಜಿದಾ ಮೇಡಂ ಅವರಿಗೆ ಮುನಿಆಂಜನಪ್ಪ ಮಾಡುವ ನಮಸ್ಕಾರಗಳು.

ನಾನು ಯಾರು ಅಂತ ನೆನಪಿದೆಯೋ ಇಲ್ಲವೋ. ಆಸ್ಪತ್ರೆಯಲ್ಲಿ ಎದೆರೋಗದ ವಿಭಾಗದ ಹೊರಗೆ ಬೆಂಚಿನ ಮೇಲೆ ನಿಮ್ಮ ಪಕ್ಕ ಕೂರುತ್ತಿದ್ದವನು, ಬೇಸಿಗೆಯಲ್ಲೂ ಮಫ್ಲರ್ ಸುತ್ತಿಕೊಂಡಿರುತ್ತಿದ್ದವನು. ಇಬ್ಬರಿಗೂ ಒಂದೇ ಕಾಯಿಲೆ ಅಂತ ಗೊತ್ತಾದ ದಿನ ನೀವು ನಕ್ಕು, "ಹಾಗಾದ್ರೆ ನಾವಿಬ್ರೂ ಒಂದೇ ಕ್ಲಾಸು" ಅಂದಿದ್ದಿರಿ. ವಿಳಾಸ ಕೊಟ್ಟವರೂ ನೀವೇ.

ಫೋನ್ ಮಾಡೋಣ ಅಂದುಕೊಂಡೆ. ಎರಡು ಮಾತಾಡುವಷ್ಟರಲ್ಲಿ ಕೆಮ್ಮು ಹತ್ತುತ್ತದೆ, ಆಮೇಲೆ ಆ ಕಡೆಯವರು "ಹಲೋ, ಹಲೋ" ಅನ್ನುತ್ತಾ ಕಾಯಬೇಕು. ಕಾಗದಕ್ಕೆ ಉಸಿರು ಬೇಡ.

ನನ್ನನ್ನು ತೆಗೆದುಕೊಂಡರು, ಮೇಡಂ. ಇದನ್ನು ಹೇಳಲು ನನಗೆ ನಾಚಿಕೆ. "ಸ್ವಾಸಕೋಶ ಗಟ್ಟಿಯಾಗುವ ಕಾಯಿಲೆಗೆ ಹೊಸ ಔಷಧ, ಪ್ರಯೋಗಕ್ಕೆ ರೋಗಿಗಳು ಬೇಕಾಗಿದ್ದಾರೆ" ಅಂತ ಪೇಪರಿನಲ್ಲಿ ಬಂದದ್ದನ್ನು ಕಂಡವರು ನೀವು. ಅದನ್ನು ಕತ್ತರಿಸಿ ತಂದು ನನಗೆ ಕೊಟ್ಟವರು ನೀವು. ಅವತ್ತು ಊದುವ ಪರೀಕ್ಷೆಗೆ ನಿಮ್ಮನ್ನು ಮೊದಲು ಕರೆದರು, ಆಮೇಲೆ ನನ್ನನ್ನು. ನಾನು ಹೊರಗೆ ಬಂದಾಗ ಬೆಂಚು ಖಾಲಿ. "ಆ ಟೀಚರಮ್ಮ ಎಲ್ಲಿ?" ಅಂದರೆ ನರ್ಸು, "ಅವ್ರದ್ದು ಆಗ್ಲಿಲ್ಲ, ಹೊರಟ್ಹೋದ್ರು" ಅಂದಳು.

ಮಾತ್ರೆ ಕೊಟ್ಟಿದ್ದಾರೆ. ಬೆಳಿಗ್ಗೆ ಒಂದು, ಸಂಜೆ ಒಂದು. ಅರ್ಧ ಜನಕ್ಕೆ ನಿಜವಾದ ಔಷಧವಂತೆ, ಇನ್ನರ್ಧಕ್ಕೆ ಖಾಲಿ ಮಾತ್ರೆಯಂತೆ. "ನಂದು ಯಾವ್ದು ಡಾಕ್ಟ್ರೇ?" ಅಂದೆ. "ನನಗೂ ಗೊತ್ತಿರಲ್ಲ ಯಜಮಾನ್ರೇ, ಗೊತ್ತಿರಬಾರ್ದು" ಅಂದರು. ಗೊತ್ತಿಲ್ಲದೆ ಕೊಡುವವರು, ಗೊತ್ತಿಲ್ಲದೆ ನುಂಗುವವರು. ಆದರೂ ನುಂಗಿದಾಗ ಆಸೆಯಾಗುತ್ತದೆ.

ನಿಮ್ಮ ಆರೋಗ್ಯದ ಬಗ್ಗೆ ಬರೆಯಿರಿ.

ಇತಿ,
ಮುನಿಆಂಜನಪ್ಪ


ಶಿವಾಜಿನಗರ
21 ಜೂನ್ 2006

ಮುನಿಆಂಜನಪ್ಪನವರಿಗೆ ನಮಸ್ಕಾರ.

ನೆನಪಿಲ್ಲದೆ ಏನು? ನಿಮ್ಮ ಕಾಗದ ಬಂದದ್ದು ಬಹಳ ಸಂತೋಷ. ಮೊದಲು ಒಂದು ತಿದ್ದುಪಡಿ. ಅದು "ಸ್ವಾಸ" ಅಲ್ಲ, "ಶ್ವಾಸ". ಹಲಸೂರಿನ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು, ಕೈ ಸುಮ್ಮನಿರುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ.

ನಾಚಿಕೆಪಡುವಂಥದ್ದೇನೂ ಇಲ್ಲ. ನಿಮ್ಮ ಶ್ವಾಸಕೋಶಕ್ಕೆ ಪಾಸ್ ಅಂಕ ಬಂತು, ನನ್ನದಕ್ಕೆ ಬರಲಿಲ್ಲ. ತೀರಾ ಕಡಿಮೆ ಇರುವವರನ್ನು ಪ್ರಯೋಗಕ್ಕೆ ಸೇರಿಸುವುದಿಲ್ಲವಂತೆ. ಎಷ್ಟು ಮಕ್ಕಳನ್ನು ನಾನೂ ಫೇಲು ಮಾಡಿದ್ದೇನೆ. ಅವರು ಮನೆಗೆ ಹೇಗೆ ನಡೆದುಕೊಂಡು ಹೋಗಿದ್ದರೆಂದು ಅವತ್ತು ಗೊತ್ತಾಯಿತು.

ಒಪ್ಪಿಗೆ ಪತ್ರದ ಒಂದು ಪ್ರತಿ ನಿಮ್ಮ ಬಳಿ ಇದೆಯಲ್ಲವೇ? ಪೂರ್ತಿ ಓದಿ. ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ಯಾರೂ ಕೋಪಿಸಿಕೊಳ್ಳುವಂತಿಲ್ಲ. ಆದರೆ ಬಿಡಬೇಡಿ.

ನಾನು ತಮ್ಮ ಮುಬೀನನ ಮನೆಯಲ್ಲಿ ಎರಡನೇ ಮಹಡಿಯಲ್ಲಿದ್ದೇನೆ. ಮಾರ್ಕೆಟ್ ಹಿಂದಿನ ಬೀದಿ. ಮದುವೆಯಾಗಲಿಲ್ಲವಾದ್ದರಿಂದ ಇದೇ ನನ್ನ ಮನೆ. ಅವತ್ತು ಆಸ್ಪತ್ರೆಯಿಂದ ಬಂದು ಮೆಟ್ಟಿಲು ಹತ್ತಿದ ಮೇಲೆ ಮತ್ತೆ ಇಳಿದಿಲ್ಲ. ಕಿಟಕಿಯಿಂದ ಬೀದಿ ಕಾಣುತ್ತದೆ. ನೀವು ಆಸ್ಪತ್ರೆಗೆ ಬರುವ ದಿನ ಎದುರಿನ ಟೀ ಅಂಗಡಿಯ ಹತ್ತಿರ ಒಂದು ನಿಮಿಷ ನಿಂತರೆ ನಿಮ್ಮ ಮಫ್ಲರ್ ನನಗೆ ಗುರುತು ಸಿಗುತ್ತದೆ.

ವಂದನೆಗಳೊಂದಿಗೆ,
ವಾಜಿದಾ


ಕಗ್ಗದಾಸಪುರ
15 ಜುಲೈ 2006

ವಾಜಿದಾ ಮೇಡಂ ಅವರಿಗೆ ನಮಸ್ಕಾರ.

ನಿಮ್ಮನ್ನು ನೋಡಿದೆ. ನೀಲಿ ದುಪಟ್ಟಾ, ಒಂದು ಕೈ ಕಿಟಕಿಯ ಸರಳಿನ ಮೇಲೆ. ನಾನು ಕೈ ಎತ್ತಿದೆ, ನೀವೂ ಎತ್ತಿದಿರಿ. ಕೂಗಿ ಮಾತಾಡೋಣವೆಂದರೆ ಇಬ್ಬರಲ್ಲೂ ಅದಕ್ಕೆ ಸಾಕಾಗುವ ಗಾಳಿ ಇಲ್ಲ. ಟೀ ಅಂಗಡಿಯವನು ನನ್ನನ್ನೂ ಕಿಟಕಿಯನ್ನೂ ಒಂದು ಸಲ ನೋಡಿ, "ಬನ್ನಿ ಸಾರ್, ಕೂತ್ಕೊಳಿ" ಅಂದ.

ಆ ಬೀದಿ ನನಗೆ ಹೊಸದಲ್ಲ. ನಮ್ಮ ಹೊಲದ ದಂಟಿನ ಸೊಪ್ಪು, ಮೆಂತ್ಯ, ಕೊತ್ತಂಬರಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ರಸೆಲ್ ಮಾರ್ಕೆಟ್ಟಿಗೆ ತರುತ್ತಿದ್ದೆ. ಕತ್ತಲಿರುವಾಗಲೇ ಹೊರಟು ಹಲಸೂರು ಕೆರೆಯ ಏರಿಯ ಮೇಲೆ ತುಳಿದುಕೊಂಡು ಬಂದರೂ ಉಸಿರು ಎಂಬುದೊಂದು ಇದೆ ಅಂತ ನೆನಪಾಗುತ್ತಿರಲಿಲ್ಲ. ಈಗ ಹೊಲದ ತುಂಬ ಮನೆಗಳು.

ಬಸ್ಸಿಗೆ ಹೊತ್ತಾಗಿತ್ತು. ಅದಕ್ಕೆ ಹೊರಟುಬಿಟ್ಟೆ.

ಇತಿ,
ಮುನಿಆಂಜನಪ್ಪ


ಶಿವಾಜಿನಗರ
20 ಜುಲೈ 2006

ಮುನಿಆಂಜನಪ್ಪನವರಿಗೆ,

ನೀವು ಬಂದು ನಿಂತದ್ದಕ್ಕೆ ಕೃತಜ್ಞಳು.

ಒಂದು ಮಾತು ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ನೀವು ರಸ್ತೆ ದಾಟಿ ನಮ್ಮ ಬಾಗಿಲಿನ ಕಡೆ ಬಂದದ್ದನ್ನು ಕಂಡೆ. ಮೇಲೆ ಬರುತ್ತೀರೆಂದು ಮುಬೀನನ ಹೆಂಡತಿ ಮಿಸ್ಬಾ ಟೀಗೆ ನೀರಿಟ್ಟಳು. ನಾವು ಕಾದೆವು. ಸ್ವಲ್ಪ ಹೊತ್ತಿನ ಮೇಲೆ ನೀವು ಬಸ್ ಸ್ಟ್ಯಾಂಡಿನ ಕಡೆ ಹೋಗುತ್ತಿರುವುದು ಕಾಣಿಸಿತು.

ಎಲ್ಲರ ಮನೆಯಲ್ಲೂ ಅವರವರ ಪದ್ಧತಿ ಇರುತ್ತದೆ. ನಮ್ಮ ಮನೆಯಲ್ಲಿ ಟೀ ಕುಡಿಯಲು ನಿಮಗೆ ಸಂಕೋಚವಿದ್ದರೆ ನನಗೆ ಅದು ಅರ್ಥವಾಗದ ವಿಷಯವೇನಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲೂ ನೋಡಿದ್ದೇನೆ. ಆದರೆ ಬಸ್ಸಿಗೆ ಹೊತ್ತಾಯಿತು ಎನ್ನಬೇಕಾಗಿರಲಿಲ್ಲ. ಆ ಸ್ಟ್ಯಾಂಡಿನಿಂದ ದಿನವಿಡೀ ಬಸ್ಸಿದೆ.

ವಾಜಿದಾ


ಕಗ್ಗದಾಸಪುರ
1 ಆಗಸ್ಟ್ 2006

ಟೀಚರ್ ಅವರಿಗೆ,

ನಿಮ್ಮ ಕಾಗದ ಓದಿದ ಮೇಲೆ ಊಟ ಸೇರಲಿಲ್ಲ. ಮಾನ ಹೋದರೂ ಸರಿ, ನಡೆದದ್ದನ್ನು ಹೇಳಿಬಿಡುತ್ತೇನೆ.

ನಾನು ಹತ್ತಿದೆ. ಮೊದಲನೇ ಮಹಡಿಯವರೆಗೂ ಬಂದೆ. ಅಲ್ಲಿ ಟೈಲರ್ ಒಬ್ಬರಿದ್ದಾರಲ್ಲ, ಅವರ ಬಾಗಿಲ ಹತ್ತಿರ ಕಣ್ಣಿಗೆ ಕತ್ತಲು ಕಟ್ಟಿತು. ಅವರು ಸ್ಟೂಲು ಹಾಕಿ ನೀರು ಕೊಟ್ಟರು. "ಯಾರ್ ಮನೆಗ್ ಬಂದ್ರಿ ಬಾಬಾ?" ಅಂದರು. ಮೇಲಿನ ಮೆಟ್ಟಿಲು ನೋಡಿದೆ. "ತಪ್ಪಿ ಬಂದ್ಬಿಟ್ಟೆ" ಅಂದೆ. ಉಸಿರು ತಿರುಗಿದ ಮೇಲೆ ಇಳಿದು ಹೋದೆ. ಮೂಟೆ ಹೊತ್ತುಕೊಂಡು ಮಾರ್ಕೆಟ್ಟಿನ ತುಂಬ ಓಡಾಡಿದವನು ಒಂದು ಟೀಗೋಸ್ಕರ ಮೆಟ್ಟಿಲು ಹತ್ತಲಾರದೆ ಕೂತೆ ಅಂತ ನಿಮಗೆ ಬರೆಯಲು ಆಗಲಿಲ್ಲ. ನಿಮ್ಮ ಮನೆಯ ಟೀ ನನಗೆ ಸಿಗಲಿಲ್ಲವಲ್ಲ ಅನ್ನುವುದೊಂದೇ ನನ್ನ ಬೇಸರ.

ಇದರ ಜೊತೆ ಒಂದು ಪೊಟ್ಟಣ ಇಟ್ಟಿದ್ದೇನೆ. ಬೆಳಗಿನ ಮಾತ್ರೆ ನಾನು ನುಂಗುತ್ತಿದ್ದೇನೆ. ಸಂಜೆಯದನ್ನು ನಿಮಗೆಂದು ಎತ್ತಿಟ್ಟಿದ್ದೇನೆ. ಜಾಹೀರಾತು ಕಂಡುಹಿಡಿದವರಿಗೆ ಅರ್ಧವಾದರೂ ಸೇರಬೇಕಲ್ಲ. ಬೇಡ ಅನ್ನಬೇಡಿ. ಮಗ ನಿತೀಶನಿಗೂ ಸೊಸೆಗೂ ಇದು ಗೊತ್ತಿಲ್ಲ, ಆಸ್ಪತ್ರೆಯವರಿಗೆ ಗೊತ್ತಾಗುವುದೂ ಇಲ್ಲ.

ಮುನಿಆಂಜನಪ್ಪ


ಶಿವಾಜಿನಗರ
9 ಆಗಸ್ಟ್ 2006

ಮುನಿಆಂಜನಪ್ಪನವರೇ,

ಮೆಟ್ಟಿಲಿನ ಸಂಗತಿ ಓದಿ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ನಿಮಗೂ ನನಗೂ ನಡುವೆ ಒಂದು ಮಹಡಿ ಮಾತ್ರ ಇತ್ತು. ನಾನು ಅದಕ್ಕೆ ಏನೆಲ್ಲ ಅರ್ಥ ಹಚ್ಚಿದೆ. ಕ್ಷಮಿಸಿ.

ಪೊಟ್ಟಣ ಕೈಸೇರಿತು. ಮಿಸ್ಬಾ, "ಯಾರ್ ಕಳ್ಸಿದ್ದು ಆಪಾ?" ಎಂದಳು. ಹಳೆಯ ಸಹೋದ್ಯೋಗಿ ಎಂದೆ. ನನ್ನ ಹೆಸರು ಬರೆದು ಯಾರಾದರೂ ಏನಾದರೂ ಕಳಿಸಿ ಎಷ್ಟೋ ವರ್ಷವಾಗಿತ್ತು.

ಆದರೆ ಇನ್ನು ಕಳಿಸಬೇಡಿ. ಇದು ನಿಮ್ಮ ಔಷಧ. ಇಷ್ಟೇ ಸಾಕು, ನಿಜವಾಗಿಯೂ ಸಾಕು. ಈ ವಾರ ನನ್ನ ಉಸಿರು ಸ್ವಲ್ಪ ಹಗುರವಾಗಿದೆ. ಅಡುಗೆಮನೆಯವರೆಗೂ ಗೋಡೆ ಹಿಡಿಯದೆ ಹೋಗಿಬಂದೆ. ಹೀಗಾಗಿ ನನ್ನ ಚಿಂತೆ ಬಿಡಿ.

ಮುಂದಿನ ಸಲ ಟೀ ಅಂಗಡಿಯಲ್ಲಿ ಕುಳಿತುಕೊಳ್ಳಿ. ನಿಂತು ಆಯಾಸ ಮಾಡಿಕೊಳ್ಳಬೇಡಿ. ಕೂತವರನ್ನು ಹೆಚ್ಚು ಹೊತ್ತು ನೋಡಬಹುದು.

ನಿಮ್ಮ ವಿಶ್ವಾಸಿ,
ವಾಜಿದಾ


ಕಗ್ಗದಾಸಪುರ
4 ಸೆಪ್ಟೆಂಬರ್ 2006

ಟೀಚರ್,

ಹಗುರವಾಗಿದೆ ಅಂತ ಬರೆದಿರಲ್ಲ, ಅದನ್ನು ಎಷ್ಟು ಸಲ ಓದಿದೆನೋ. ಮೊನ್ನೆ ಕಿಟಕಿಯಲ್ಲಿ ನಿಮ್ಮ ಮುಖದ ಮೇಲೆ ಕಳೆ ಇತ್ತು. ದೂರದಿಂದಲೇ ಗೊತ್ತಾಯಿತು. ಹಾಗಾದರೆ ನನಗೆ ಕೊಟ್ಟಿರುವುದು ಖಾಲಿ ಮಾತ್ರೆ ಅಲ್ಲ, ನಿಜವಾದದ್ದೇ! ಡಾಕ್ಟರಿಗೂ ಗೊತ್ತಿಲ್ಲದ್ದು ನಮ್ಮಿಬ್ಬರಿಗೆ ಗೊತ್ತಾಯಿತು.

ಅರ್ಧಕ್ಕೇ ಇಷ್ಟಾದರೆ ಪೂರ್ತಿಗೆ ಎಷ್ಟಾಗಬೇಡ? ಹೋದ ತಿಂಗಳಿಂದ ಬೆಳಗಿನದನ್ನೂ ಎತ್ತಿಟ್ಟಿದ್ದೇನೆ. ಎಲ್ಲವೂ ಈ ಪೊಟ್ಟಣದಲ್ಲಿದೆ. ನೀವು ಮೊದಲು ಮೆಟ್ಟಿಲು ಇಳಿಯುವ ಹಾಗಾಗಬೇಕು. ನನ್ನದು ಆಮೇಲೆ ನೋಡಿಕೊಳ್ಳೋಣ.

ಈ ಸಲ ಊದುವ ಪರೀಕ್ಷೆಯಲ್ಲಿ ನನಗೆ ಕಡಿಮೆ ಬಂತು. ನರ್ಸು ಕೇಳಿದಳು, "ಮಾತ್ರೆ ಸರಿಯಾಗಿ ತಗೋತಿದೀರಾ ಯಜಮಾನ್ರೇ?"

"ಹೂಂ ತಾಯಿ."

"ಎರಡೂ ಹೊತ್ತು?"

"ಎರಡೂ ಹೊತ್ತು" ಅಂದು ಖಾಲಿ ಡಬ್ಬಿ ತೋರಿಸಿದೆ.

ಬಸ್ಸಿಳಿದು ರೈಲ್ವೆ ಗೇಟಿನಿಂದ ಮನೆಗೆ ಬರುವುದರೊಳಗೆ ಎರಡು ಕಡೆ ಕೂತೆ. ಮಳೆಗಾಲ, ಹಾಗೇ ಇರುತ್ತದೆ.

ಮುನಿಆಂಜನಪ್ಪ


ಶಿವಾಜಿನಗರ
7 ಸೆಪ್ಟೆಂಬರ್ 2006

ಮುನಿಆಂಜನಪ್ಪನವರೇ,

ಇದನ್ನು ಅಂಚೆಗೆ ಹಾಕಲು ಧೈರ್ಯವಿಲ್ಲ. ಮುಬೀನನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿದ ತಕ್ಷಣ ಎದ್ದು ಮಾತ್ರೆ ತೆಗೆದುಕೊಳ್ಳಿ.

ನಾನು ಒಂದನ್ನೂ ನುಂಗಿಲ್ಲ. ನೀವು ಕಳಿಸಿದ್ದೆಲ್ಲ ಹಾಗೆಯೇ ಇದೆ, ಈಗ ಮುಬೀನನ ಚೀಲದಲ್ಲಿದೆ. ಮೊದಲ ಪೊಟ್ಟಣವನ್ನು ಅವತ್ತೇ ತಿರುಗಿ ಕಳಿಸಬೇಕಿತ್ತು. ಕಳಿಸಿದರೆ ನಿಮಗೆ ನೋವಾಗುತ್ತದೆ ಎಂದುಕೊಂಡೆ. ಅದು ಅರ್ಧ ಸತ್ಯ. ಅದು ನನ್ನ ಹತ್ತಿರ ಇರಲಿ ಎನಿಸಿತ್ತು. ಹಗುರವಾಗಿದೆ ಎಂದು ಬರೆದರೆ ನಿಮಗೆ ಸಮಾಧಾನವಾಗಿ ಕಳಿಸುವುದನ್ನು ನಿಲ್ಲಿಸುತ್ತೀರಿ ಎಂದುಕೊಂಡಿದ್ದೆ. ನೀವು ಅದನ್ನೇ ನಂಬಿ ನಿಮ್ಮ ಬಾಯಿಯದನ್ನೂ ತೆಗೆದು ಕೊಟ್ಟಿರಿ.

ಹಗುರವಾಗಿಲ್ಲ. ಅಡುಗೆಮನೆಗೆ ಹೋಗುವುದಿಲ್ಲ, ಮಿಸ್ಬಾ ತಟ್ಟೆಯನ್ನು ಹಾಸಿಗೆಗೇ ತಂದುಕೊಡುತ್ತಾಳೆ. ಕಿಟಕಿಯಲ್ಲಿ ನೀವು ಕಂಡ ಕಳೆ ಅವಳ ಪೌಡರಿನದು.

ಡಾಕ್ಟರಿಗೆ ಎಲ್ಲವನ್ನೂ ಹೇಳಿ. ನಿಮ್ಮ ಜೀವದ ಪ್ರಶ್ನೆ ಒಂದು. ಇನ್ನೊಂದೂ ಇದೆ. ನೀವು ಮಾತ್ರೆ ನುಂಗದೆ ನುಂಗಿದೆ ಎಂದರೆ ಅವರು ಈ ಔಷಧದಿಂದ ಪ್ರಯೋಜನವಿಲ್ಲ ಎಂದು ಬರೆದುಕೊಳ್ಳುತ್ತಾರೆ. ನಾಳೆ ಆ ಬೆಂಚಿನ ಮೇಲೆ ಕೂರುವವರಿಗೆ ಅದು ಸಿಗದೇ ಹೋಗುತ್ತದೆ. ನನ್ನ ಒಂದು ಸುಳ್ಳು ಅಲ್ಲಿಯವರೆಗೆ ಹೋಗುತ್ತದೆಂದು ನನಗೆ ಹೊಳೆಯಲೇ ಇಲ್ಲ.

ಬೈಯಬೇಕೆನಿಸಿದರೆ ಬೈದು ಬರೆಯಿರಿ. ಆದರೆ ಬರೆಯಿರಿ.

ವಾಜಿದಾ


ಶಿವಾಜಿನಗರ
2 ನವೆಂಬರ್ 2006

ಮುನಿಆಂಜನಪ್ಪನವರೇ,

ಉತ್ತರವಿಲ್ಲ. ಅವತ್ತು ಮುಬೀನ್ ಬಂದಾಗ ನೀವು ಮಲಗಿದ್ದಿರಂತೆ, ಚೀಲವನ್ನೂ ಕಾಗದವನ್ನೂ ನಿಮ್ಮ ಸೊಸೆಯ ಕೈಗೆ ಕೊಟ್ಟು ಬಂದನಂತೆ. ನೀವು ಆಸ್ಪತ್ರೆಗೆ ಬರುವ ದಿನಗಳಲ್ಲಿ ಕಿಟಕಿಯಲ್ಲಿ ಕುಳಿತಿದ್ದೆ. ಟೀ ಅಂಗಡಿಯವನೂ ನಡುನಡುವೆ ತಲೆಯೆತ್ತಿ ಇತ್ತ ನೋಡುತ್ತಿದ್ದ.

ಈ ವರ್ಷ ದೀಪಾವಳಿಯೂ ರಂಜಾನ್ ಹಬ್ಬವೂ ಒಂದೇ ವಾರದಲ್ಲಿ ಬಂದವು. ಪಟಾಕಿಯ ಹೊಗೆಗೆ ಕಿಟಕಿ ಮುಚ್ಚಿ ಒದ್ದೆ ಬಟ್ಟೆ ಸಿಕ್ಕಿಸಿದ್ದರು. ನಿಮ್ಮ ಕಡೆಯೂ ಹಾಗೆಯೇ ಮಾಡಿದರೋ ಇಲ್ಲವೋ ಎಂದುಕೊಂಡೆ.

ಕೋಪವಾದರೆ ಕೋಪವೆಂದು ಒಂದು ಸಾಲು ಸಾಕು. ಕೋಪವೇ ಆಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ವಾಜಿದಾ


ಕಗ್ಗದಾಸಪುರ
11 ಜನವರಿ 2007

ವಾಜಿದಾ ಅವರೇ,

ಕೋಪವೇ ಬಂದಿತ್ತು. ಮಾತ್ರೆ ನುಂಗಲಿಲ್ಲ ಅಂತ ಅಲ್ಲ. ನೀವು ಹಗುರವಾಗಿದ್ದೀರಿ ಅಂತ ಒಂದು ತಿಂಗಳು ನಾನು ಎಷ್ಟು ಸುಖವಾಗಿದ್ದೆ, ಅದನ್ನು ಒಂದು ಕಾಗದದಲ್ಲಿ ವಾಪಸು ತೆಗೆದುಕೊಂಡುಬಿಟ್ಟಿರಲ್ಲ ಅಂತ. ಉತ್ತರ ಬರೆಯಬಾರದು ಅಂದುಕೊಂಡೆ. ಬರೆಯಬೇಕು ಅನ್ನಿಸುವ ಹೊತ್ತಿಗೆ ಆಸ್ಪತ್ರೆಯಲ್ಲಿದ್ದೆ.

ಜ್ವರ ಬಂದು ಎದೆ ಕಟ್ಟಿ ಬಹಳ ದಿನ ಒಳಗೇ ಇಟ್ಟುಕೊಂಡರು. ಮಾತಾಡುವಂತಾದ ದಿನ ಡಾಕ್ಟರನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವರು ನನ್ನ ಫೈಲು ತೆಗೆದು ಬರೆದುಕೊಂಡರು. ಆಮೇಲೆ, "ನೀವು ಹೇಳಿದ್ದು ಒಳ್ಳೇದಾಯ್ತು. ಆದ್ರೆ ಇನ್ನು ನಿಮ್ಮನ್ನ ಈ ಟ್ರಯಲಲ್ಲಿ ಇಟ್ಕೊಳ್ಳೋಕಾಗಲ್ಲ" ಅಂದರು.

"ಅದು ನಿಜವಾದ ಔಷಧಾನಾ ಡಾಕ್ಟ್ರೇ? ಈಗ್ಲಾದ್ರೂ ಹೇಳಿ."

"ಈಗಲೂ ನನಗೆ ಗೊತ್ತಿಲ್ಲ ಯಜಮಾನ್ರೇ."

ನಿತೀಶ ನನ್ನನ್ನು ಬೈಯಲಿಲ್ಲ. ಗೋಡೆ ಕಡೆ ತಿರುಗಿ ಅತ್ತ. ಅದನ್ನು ನೋಡಲಾಗಲಿಲ್ಲ. ಅವನು ನನಗೋಸ್ಕರ ರಜೆ ಹಾಕಿ, ಆಸ್ಪತ್ರೆ ಸುತ್ತಿ ಸೇರಿಸಿದ್ದ. ನಾನು ಯಾರಿಗೋ ಕೊಟ್ಟುಬಿಟ್ಟೆ ಅಂತ ಅವನಿಗೆ ನೋವು. "ಯಾರಪ್ಪಾ ಅವ್ರು?" ಅಂತ ಕೇಳಿದ. "ನನ್ನ ಕ್ಲಾಸ್‌ಮೇಟು" ಅಂದೆ.

ಈಗ ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್ ಇದೆ. ನೀವು ಹೇಗಿದ್ದೀರಿ? ಪೌಡರ್ ಹಾಕದೆ ಬರೆಯಿರಿ.

ಮುನಿಆಂಜನಪ್ಪ


ಶಿವಾಜಿನಗರ
17 ಜನವರಿ 2007

ಮುನಿಆಂಜನಪ್ಪನವರೇ,

ಲಕೋಟೆಯ ಮೇಲೆ ನಿಮ್ಮ ಅಕ್ಷರ ಕಂಡು ಮಿಸ್ಬಾ ಓಡಿಬಂದಳು. ಓದಿದ ಮೇಲೆ ಹೇಗಾಯಿತೆಂದು ಬರೆಯುವುದಿಲ್ಲ. ನೀವಿದ್ದೀರಿ.

ಪೌಡರ್ ಇಲ್ಲದೆ ಹೇಳುತ್ತೇನೆ. ಕಾಲು ಊದಿದೆ. ಕುಳಿತೇ ನಿದ್ದೆ ಮಾಡುತ್ತೇನೆ. ನನ್ನ ಹಾಸಿಗೆಯ ಪಕ್ಕದಲ್ಲೂ ಸಿಲಿಂಡರ್ ಇದೆ. ನಿತೀಶ್ ಅವರಿಗೆ ನಾನು ಹೇಗೆ ಮುಖ ತೋರಿಸಲಿ, ಗೊತ್ತಿಲ್ಲ.

ಈಗ ಗಮನವಿಟ್ಟು ಓದಿ. ನಾನು ಇನ್ನೊಂದು ಪ್ರಯೋಗವನ್ನು ಹುಡುಕಿದ್ದೇನೆ. ಮುಬೀನ್ ಸೈಬರ್ ಕೆಫೆಯಿಂದ ಹಾಳೆಗಳನ್ನು ತಂದುಕೊಟ್ಟ, ಆಮೇಲೆ ಆ ಆಸ್ಪತ್ರೆಗೆ ಫೋನ್ ಮಾಡಿದ. ಇದರಲ್ಲಿ ಮಾತ್ರೆಯೇ ಇಲ್ಲ. ಉಸಿರಾಟದ ವ್ಯಾಯಾಮ ಕಲಿಸುತ್ತಾರೆ. ನಮ್ಮಷ್ಟು ಹದಗೆಟ್ಟವರೂ ಸೇರಬಹುದು, ಆಕ್ಸಿಜನ್ ಹಾಕಿಕೊಂಡವರೂ ಸೇರಬಹುದು. "ಬೇರೆ ಟ್ರಯಲ್ಲಿಂದ ತೆಗೆದವರಾದರೂ ಆಗುತ್ತಾ?" ಎಂದು ಕೇಳಿಸಿದೆ. ಆಗುತ್ತದಂತೆ, ಆದರೆ ನಡೆದದ್ದನ್ನು ಮೊದಲೇ ಹೇಳಬೇಕಂತೆ. ನೆಲಮಹಡಿಯ ಒಂದು ಹಾಲಿನಲ್ಲಿ, ವಾರಕ್ಕೆರಡು ದಿನ, ಎಲ್ಲರೂ ಒಟ್ಟಿಗೆ ಕುಳಿತು.

ಒಟ್ಟಿಗೆ ಎಂದು ಬರೆದು, ಹೊಡೆದು, ಮತ್ತೆ ಅದನ್ನೇ ಬರೆದಿದ್ದೇನೆ, ನೋಡಿ.

ಮಾರ್ಚ್ ಮೊದಲ ಸೋಮವಾರ ಆಯ್ಕೆ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತೇವೆಂದು ಮುಬೀನ್ ಮತ್ತು ಕೆಳಗಿನ ಟೈಲರ್ ಹೇಳಿದ್ದಾರೆ. ಬನ್ನಿ.

ವಾಜಿದಾ


ಕಗ್ಗದಾಸಪುರ
24 ಮಾರ್ಚ್ 2007

ವಾಜಿದಾ,

ಆಯ್ಕೆಯ ದಿನದ ಆ ಒಂದು ಗಂಟೆಯನ್ನು ಇನ್ನೂ ಖರ್ಚು ಮಾಡದೆ ಇಟ್ಟುಕೊಂಡಿದ್ದೇನೆ. ಇಷ್ಟು ತಿಂಗಳಿಂದ ಏನೇನೋ ಮಾತಾಡಬೇಕು ಅಂತಿದ್ದವರು, ಪಕ್ಕ ಕೂತು, ಮೂಗಿಗೆ ಇಬ್ಬರೂ ನಳಿಕೆ ಸಿಕ್ಕಿಸಿಕೊಂಡು, ಏನೂ ಮಾತಾಡಲಿಲ್ಲ. "ಬಂದ್ರಾ?" ಅಂದಿರಿ, "ಬಂದೆ" ಅಂದೆ. ನಿತೀಶ ನಿಮ್ಮ ಕಡೆ ಮೊದಲು ನೋಡಲೇ ಇಲ್ಲ. ಹೊರಡುವಾಗ ನಿಮ್ಮ ಸಿಲಿಂಡರನ್ನು ಅವನೇ ಎತ್ತಿ ಆಟೋದಲ್ಲಿಟ್ಟ, ನೋಡಿದಿರಾ?

ಆಮೇಲೆ ಕಂಪ್ಯೂಟರಿನಲ್ಲಿ ಚೀಟಿ ಎತ್ತಿ ನನ್ನನ್ನು ವ್ಯಾಯಾಮದ ಗುಂಪಿಗೆ ಹಾಕಿದರು. ನಿಮ್ಮನ್ನು ಸುಮ್ಮನೆ ಮನೆಯಲ್ಲಿರುವ ಗುಂಪಿಗೆ. ನಾನು ಆ ಡಾಕ್ಟರಮ್ಮನ ಹತ್ತಿರ ಹೋಗಿ ಕೇಳಿದೆ, "ನನ್ನ ಜಾಗ ಅವ್ರಿಗೆ ಕೊಡಿ ತಾಯಿ, ನಾನು ಮನೇಲಿರ್ತೀನಿ." ಆಗಲ್ಲ ಅಂದರು. ಆರು ತಿಂಗಳಾದ ಮೇಲೆ ಮನೆಯ ಗುಂಪಿನವರಿಗೂ ಕಲಿಸುತ್ತಾರಂತೆ. ಆರು ತಿಂಗಳು! ನಿಮ್ಮ ಕಾಲು ನೋಡಿದ್ದೇನೆ ನಾನು.

ಮೊದಲ ವಾರ ಮುಗಿಯಿತು. ಚೆನ್ನಾಗಿ ಹೇಳಿಕೊಡುತ್ತಾರೆ. ಸ್ನಾನ ಮಾಡಿ ಬಂದು ಏದುಸಿರು ಬಿಡುವುದು ಆಗಲೇ ಸ್ವಲ್ಪ ಕಡಿಮೆ ಅನ್ನಿಸಿತು. ಅಲ್ಲಿ ಕಲಿಸಿದ್ದನ್ನೆಲ್ಲ ನಿಮಗೆ ಅರ್ಥವಾಗುವ ಹಾಗೆ ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ, ಭುಜ ಹೇಗಿರಬೇಕು, ತುಟಿ ಹೇಗಿರಬೇಕು ಎಲ್ಲ. ಇದು ಮಾತ್ರೆಯಲ್ಲ. ನಿಮಗೆ ಕೊಟ್ಟರೆ ನನಗೆ ಕಡಿಮೆಯಾಗುವುದೂ ಇಲ್ಲ. ಪ್ರತಿ ವಾರ ಬರೆಯುತ್ತೇನೆ.

ನಿಮ್ಮ,
ಮುನಿಆಂಜನಪ್ಪ


ಶಿವಾಜಿನಗರ
29 ಮಾರ್ಚ್ 2007

ಪ್ರಿಯ ಮುನಿಆಂಜನಪ್ಪನವರೇ,

ನಿತೀಶ್ ಸಿಲಿಂಡರ್ ಎತ್ತಿದ್ದನ್ನು ನೋಡಿದೆ. ಆಟೋದಲ್ಲಿ ದಾರಿಯುದ್ದಕ್ಕೂ ಅದೇ ನೆನಪು.

ನಿಮ್ಮ ಇನ್ನೊಂದು ಹಾಳೆಯನ್ನು ಮಡಿಕೆ ಬಿಚ್ಚದೆ ಈ ಲಕೋಟೆಯಲ್ಲಿ ತಿರುಗಿ ಇಟ್ಟಿದ್ದೇನೆ. ಓದಬೇಕೆಂದು ಬಹಳ ಆಸೆಯಾಯಿತು. ಮಿಸ್ಬಾಳ ಕೈಗೆ ಕೊಟ್ಟು ದೂರ ಇಡಿಸಿದೆ. ನಾನು ಕದ್ದು ಕಲಿತರೆ, ಮನೆಯಲ್ಲಿರುವವರಿಗೂ ತಾನಾಗಿಯೇ ಉಸಿರು ಸುಧಾರಿಸುತ್ತದೆ ಎಂದು ಆ ಡಾಕ್ಟರಮ್ಮ ಬರೆದುಕೊಳ್ಳುತ್ತಾರೆ. ಆಮೇಲೆ ಆ ವ್ಯಾಯಾಮದ ಹಾಲನ್ನೇ ಮುಚ್ಚಿಬಿಟ್ಟರೆ? ಒಂದು ಸಲ ನಾವಿಬ್ಬರೂ ಸೇರಿ ಕೆಡಿಸಿದ್ದು ಸಾಕು. ಇದನ್ನಾದರೂ ಸರಿಯಾಗಿ ಮುಗಿಸೋಣ, ನೀವು ಅಲ್ಲಿ ಮಾಡಿ, ನಾನು ಇಲ್ಲಿ ಮಾಡದೆ.

ಆರು ತಿಂಗಳ ಬಗ್ಗೆ ನೀವು ಬರೆದದ್ದರ ಅರ್ಥ ನನಗೆ ತಿಳಿಯಿತು. ಅದನ್ನು ನಾನೂ ಯೋಚಿಸಿದ್ದೇನೆ. ಇರುತ್ತೇನೆ ಎಂದು ಮಾತು ಕೊಡಲಾರೆ, ನಿಮಗೆ ಮತ್ತೆ ಸುಳ್ಳು ಬರೆಯುವುದಿಲ್ಲ. ಇರಬೇಕೆಂದು ಆಸೆಯಿದೆ. ಇಷ್ಟು ಆಸೆ ನನಗೆ ಚಿಕ್ಕಂದಿನಲ್ಲೂ ಯಾವುದರ ಮೇಲೂ ಇರಲಿಲ್ಲ.

ಹೀಗಾಗಿ ಉಸಿರಾಡುವುದು ಹೇಗೆಂದು ಮಾತ್ರ ಬರೆಯಬೇಡಿ. ಬೇರೆ ಎಲ್ಲವನ್ನೂ ಬರೆಯಿರಿ. ನಿಮ್ಮ ಹೊಲದಲ್ಲಿ ಬಾವಿ ಎಲ್ಲಿತ್ತು, ಅದರ ನೀರು ಸಿಹಿಯಿತ್ತೇ, ಈಗ ಅದರ ಮೇಲೆ ಯಾರ ಮನೆ ಇದೆ, ಮೆಂತ್ಯ ಸೊಪ್ಪು ಎಷ್ಟು ದಿನಕ್ಕೆ ಕೀಳಲು ಬರುತ್ತದೆ. ತಪ್ಪಿದ್ದರೂ ತಿದ್ದುವುದಿಲ್ಲ. ಉದ್ದವಾಗಿ ಬರೆಯಿರಿ.

ನಿಮ್ಮ,
ವಾಜಿದಾ